ಸ್ವಾಧೀನ ತಪ್ಪಿದ ಕೈಗೆ ಮನೆಯಲ್ಲೇ ತಾಲೀಮು

ಲಕ್ವಾ ಹೊಡೆದವರಲ್ಲಿ ಸಾಮಾನ್ಯವಾಗಿ ಕಾಲು ಮೊದಲು ಚೇತರಿಸಿಕೊಳ್ಳುತ್ತದೆ, ಕೈ ಹಿಂದೆ ಬೀಳುತ್ತದೆ. ಕೋಲು ಹಿಡಿದು ಅಂಗಳದವರೆಗೆ ನಡೆದು ಬಂದರೆ ಸಾಕು, 'ಆರಾಮಾದ್ರು' ಎಂದು ಮನೆಯವರು ಸಮಾಧಾನಪಡುತ್ತಾರೆ. ಕೈ ಮಾತ್ರ ಎದೆಗೆ ಮಡಚಿಕೊಂಡು ಹಾಗೇ ಉಳಿಯುತ್ತದೆ. ಸೊಂಟ, ತೊಡೆಗಳ ದೊಡ್ಡ ಸ್ನಾಯುಗಳಿಗೆ ಅಷ್ಟಿಷ್ಟು ಬಲ ಬಂದರೂ ಹೆಜ್ಜೆ ಇಡಬಹುದು. ಅಂಗಿಯ ಗುಂಡಿ ಹಾಕಲು ಹಾಗಲ್ಲ, ಹೆಬ್ಬೆರಳು, ತೋರುಬೆರಳು ಒಂದೊಂದೂ ಬೇರೆಬೇರೆಯಾಗಿ, ಅಳತೆ ತಪ್ಪದೆ ಆಡಬೇಕು. ಚಲನೆಯನ್ನು ನಿಯಂತ್ರಿಸುವ ಮಿದುಳಿನ ಪಟ್ಟಿಯಲ್ಲಿ ಕೈಬೆರಳುಗಳಿಗೆ ಬಹು ದೊಡ್ಡ ಜಾಗ ಸಂದಿರುವುದು ಇದೇ ಕಾರಣಕ್ಕೆ.

ಬಳ್ಳಾರಿ ಸೀಮೆಯಲ್ಲಿ ಕೈ ಹೋದರೆ ದುಡಿಮೆಯೂ ಹೋದಂತೆ. ನಗರದಲ್ಲಿ ಜೀನ್ಸ್ ಹೊಲಿಗೆ, ಸಿರುಗುಪ್ಪದ ಕಾಲುವೆ ಬಯಲಿನಲ್ಲಿ ಭತ್ತ, ಕುರುಗೋಡಿನಲ್ಲಿ ಮೆಣಸಿನಕಾಯಿ, ಎಲ್ಲವೂ ಬೆರಳುಗಳನ್ನೇ ನೆಚ್ಚಿಕೊಂಡ ಕೆಲಸ. ದೊಡ್ಡ ಚಿಕಿತ್ಸೆಗೆ ಇರುವುದು 1961ರಲ್ಲಿ ಆರಂಭವಾದ, ಜನ ಇಂದಿಗೂ ವಿಮ್ಸ್ ಎಂದೇ ಕರೆಯುವ ಬಳ್ಳಾರಿಯ ವೈದ್ಯಕೀಯ ಕಾಲೇಜಿನ ಆಸ್ಪತ್ರೆ. ಸಿರುಗುಪ್ಪದಿಂದ ಅದು ಸುಮಾರು 55 ಕಿ.ಮೀ., ಕುರುಗೋಡಿನಿಂದ ಹತ್ತಿರ ಹತ್ತಿರ 30. ವಾರಕ್ಕೆ ಮೂರು ದಿನ ಫಿಸಿಯೋಥೆರಪಿಗೆ ಬರಬೇಕೆಂದರೆ ರೋಗಿಯ ಜತೆಗೆ ಬರುವವರ ಕೂಲಿಯೂ ಹೋಗುತ್ತದೆ. ಹಾಗಾಗಿ ಕೈಯ ಚಿಕಿತ್ಸೆ ಮನೆಯಲ್ಲೇ ಆಗಬೇಕು. ಅದು ಆಗುವ ಮಾತೇ?

ಆಗುತ್ತದೆ, ಆದರೆ ಸಾಕಷ್ಟು ಸಲ ಮಾಡಬೇಕು. ರಕ್ತ ಸಿಗದೆ ಸತ್ತ ಮಿದುಳಿನ ಕೋಶಗಳು ಮರಳಿ ಹುಟ್ಟುವುದಿಲ್ಲ. ಆದರೆ ಅವುಗಳ ಸುತ್ತ ಉಳಿದ ಭಾಗಗಳು ಕಳೆದುಹೋದ ಕೆಲಸವನ್ನು ಕಲಿಯಬಲ್ಲವು. ಅಮೆರಿಕದ ರ‍್ಯಾಂಡಲ್ ನುಡೊ ಮತ್ತು ಸಂಗಡಿಗರು 1996ರಲ್ಲಿ ಕೋತಿಗಳಲ್ಲಿ ಇದನ್ನು ತೋರಿಸಿದರು. ಮಿದುಳಿಗೆ ಹಾನಿಯಾದ ಮೇಲೆ ಸಣ್ಣ ಕುಳಿಗಳಿಂದ ಆಹಾರ ಹೆಕ್ಕುವ ತರಬೇತಿ ಪಡೆದ ಕೋತಿಗಳ ಮಿದುಳಿನಲ್ಲಿ ಕೈಗೆ ಸೇರಿದ ಜಾಗ ಉಳಿದುಕೊಂಡಿತ್ತು. ಇಂಥ ಪ್ರಯೋಗಗಳಲ್ಲಿ ಪ್ರಾಣಿಗಳು ದಿನಕ್ಕೆ ನೂರಾರು ಸಲ ಕೈ ಚಾಚುತ್ತವೆ. ಮನುಷ್ಯರ ಚಿಕಿತ್ಸಾ ಕೊಠಡಿಯಲ್ಲಿ ಕುಳಿತು ಎಣಿಸಿದ ಕ್ಯಾಥರೀನ್ ಲ್ಯಾಂಗ್ ತಂಡಕ್ಕೆ 2009ರಲ್ಲಿ ಕಂಡದ್ದು ಬೇರೆ ಚಿತ್ರ: ಒಂದು ಅವಧಿಯಲ್ಲಿ ಕೈಯಿಂದ ಮಾಡಿಸುವ ಉಪಯುಕ್ತ ಕೆಲಸ ಸರಾಸರಿ 32 ಸಲ ಮಾತ್ರ. ಈ ಅಂತರವನ್ನು ಮನೆಯಲ್ಲಿ ತುಂಬಬಹುದು.

ಅದಕ್ಕೆ ಎದುರಾಗುವ ದೊಡ್ಡ ತೊಡಕು ಪ್ರೀತಿ. ಊಟ ಕಲಸಿಕೊಡುವವರು, ಅಂಗಿ ತೊಡಿಸುವವರು ಪಕ್ಕದಲ್ಲೇ ಇರುತ್ತಾರೆ. ಉಳಿದದ್ದನ್ನು ಒಳ್ಳೆಯ ಕೈ ನಿಭಾಯಿಸುತ್ತದೆ. ಬಲ ಸ್ವಲ್ಪ ಮರಳಿದ್ದರೂ ಸೋತ ಕೈಯನ್ನು ಮಿದುಳು ಲೆಕ್ಕದಿಂದಲೇ ಬಿಟ್ಟುಬಿಡುತ್ತದೆ. ಇದನ್ನು ಗುರುತಿಸಿದ ಸಂಶೋಧಕ ಎಡ್ವರ್ಡ್ ಟಾಬ್, ಒಳ್ಳೆಯ ಕೈಗೆ ಗವಸು ಹಾಕಿ ಸೋತ ಕೈಯಿಂದಲೇ ಕೆಲಸ ಮಾಡಿಸುವ ವಿಧಾನ ರೂಪಿಸಿದರು. 222 ರೋಗಿಗಳ ಮೇಲೆ ನಡೆದು 2006ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನದಲ್ಲಿ, ಎರಡು ವಾರಗಳ ಈ ತರಬೇತಿಯ ಫಲ ವರ್ಷದ ನಂತರವೂ ಉಳಿದಿತ್ತು. ಮಣಿಕಟ್ಟು, ಬೆರಳುಗಳನ್ನು ಸ್ವಲ್ಪವಾದರೂ ಮೇಲೆತ್ತಬಲ್ಲವರಿಗೆ ಮಾತ್ರ ಇದು ಹೊಂದುತ್ತದೆ.

ಸಾಮಗ್ರಿ ಹುಡುಕಿಕೊಂಡು ಹೋಗಬೇಕಿಲ್ಲ. ಒಂದು ಬಟ್ಟಲಿನಲ್ಲಿ ಐವತ್ತು ಹುಣಸೆಬೀಜ ಇಟ್ಟು, ಒಂದೊಂದಾಗಿ ಹೆಕ್ಕಿ ಇನ್ನೊಂದು ಬಟ್ಟಲಿಗೆ ಹಾಕಿಸಿದರೆ ಬೆರಳಿಗೆ ಕೆಲಸ, ಎಣಿಕೆಯೂ ತಾನಾಗಿ ಆಗುತ್ತದೆ. ಸುಲಭವಾದ ಮೇಲೆ ಶೇಂಗಾ, ಆಮೇಲೆ ಕಡಲೆಬೇಳೆ. ಮಡಚಿದ ಟವೆಲ್ ಮೇಲೆ ಅಂಗೈ ಊರಿ ಮೇಜು ಒರೆಸಿದರೆ ಮೊಣಕೈ ನೀಳವಾಗುತ್ತದೆ. ಜೋಳದ ಹಿಟ್ಟು ತಟ್ಟುವುದು ಇನ್ನೂ ಒಳ್ಳೆಯದು. ಬಿಗಿದ ಬೆರಳು ಹರಡದೆ ರೊಟ್ಟಿ ಅಗಲವಾಗುವುದಿಲ್ಲ. ಹಳೆಯ ಜೀನ್ಸ್‌ನ ಲೋಹದ ಗುಂಡಿಯನ್ನು ಗಟ್ಟಿ ಕಾಜಿನಲ್ಲಿ ತೂರಿಸುವುದು ಕೊನೆಯ ಹಂತದ ಪರೀಕ್ಷೆ. ಚಲನೆಯೇ ಇಲ್ಲದ ಕೈಗೆ ಕನ್ನಡಿ ನೆರವಾಗಬಲ್ಲದು: ಎದೆಯ ನೇರಕ್ಕೆ ಕನ್ನಡಿ ನಿಲ್ಲಿಸಿ, ಸೋತ ಕೈಯನ್ನು ಹಿಂದೆ ಮರೆಮಾಡಿ, ಒಳ್ಳೆಯ ಕೈ ಆಡಿಸುತ್ತ ಪ್ರತಿಬಿಂಬವನ್ನೇ ನೋಡಬೇಕು.

ಕೆಲವನ್ನು ಮಾಡಲೇಬಾರದು. ರೋಗಿಯನ್ನು ಎಬ್ಬಿಸಲು ಸೋತ ಕೈ ಹಿಡಿದು ಎಳೆದರೆ ಭುಜದ ಕೀಲು ಜಾರಬಹುದು, ತಿಂಗಳುಗಟ್ಟಲೆ ನೋವು ಕಾಡಬಹುದು. ಮುಷ್ಟಿ ಬಿಗಿದಿರುವವರಿಗೆ ದಿನವಿಡೀ ಚೆಂಡು ಹಿಸುಕಲು ಹೇಳುವುದರಿಂದ ಪ್ರಯೋಜನವಿಲ್ಲ. ಹಿಡಿಯುವುದು ಆ ಕೈಗೆ ಬರುತ್ತದೆ, ಬಿಡುವುದನ್ನು ಕಲಿಸಬೇಕು. ಸ್ಪರ್ಶ ಕಳೆದುಕೊಂಡ ಕೈಗೆ ಬಿಸಿನೀರು, ಒಲೆ ಅಪಾಯ. ಖಾರದ ಮೆಣಸಿನಕಾಯಿಯೂ ಬೇಡ, ಅರಿವಿಲ್ಲದೆ ಕಣ್ಣಿಗೆ ತಾಗುತ್ತದೆ.

ಎಲ್ಲವನ್ನೂ ಮನೆಯವರ ಮೇಲೆ ಹೊರಿಸಿದರೆ ಮುಗಿಯಿತೇ? ಭಾರತದ 14 ಆಸ್ಪತ್ರೆಗಳಲ್ಲಿ 1250 ರೋಗಿಗಳೊಂದಿಗೆ ನಡೆದು, 2017ರಲ್ಲಿ 'ಲ್ಯಾನ್ಸೆಟ್'ನಲ್ಲಿ ಪ್ರಕಟವಾದ 'ಅಟೆಂಡ್' ಅಧ್ಯಯನ ಇದಕ್ಕೆ ಉತ್ತರ ಕೊಟ್ಟಿದೆ. ಕುಟುಂಬದವರಿಗೆ ತರಬೇತಿ ಕೊಟ್ಟು ಕಳುಹಿಸಿದ ಗುಂಪಿನಲ್ಲೂ, ಕೊಡದ ಗುಂಪಿನಲ್ಲೂ ಆರು ತಿಂಗಳ ನಂತರ ಮೃತಪಟ್ಟವರು ಅಥವಾ ಪರಾವಲಂಬಿಗಳಾದವರ ಪ್ರಮಾಣ ಒಂದೇ, ಶೇ 47. ಜರ್ಮನಿಯಲ್ಲಿ 156 ರೋಗಿಗಳ ಮೇಲೆ ನಡೆದ ಅಧ್ಯಯನದ (2015) ಏರ್ಪಾಡು ಬೇರೆ. ಮನೆಯವರೊಬ್ಬರು ದಿನವೂ ಅಭ್ಯಾಸ ಮಾಡಿಸಿದರು, ಚಿಕಿತ್ಸಕರು ನಾಲ್ಕು ವಾರಗಳಲ್ಲಿ ಒಟ್ಟು ಐದು ಗಂಟೆ ಮಾರ್ಗದರ್ಶನ ನೀಡಿದರು. ಅಲ್ಲಿ ನಿತ್ಯದ ಕೆಲಸಗಳಲ್ಲಿ ಸೋತ ಕೈಯ ಬಳಕೆ ಸಾಮಾನ್ಯ ಚಿಕಿತ್ಸೆ ಪಡೆದವರಿಗಿಂತ ಹೆಚ್ಚು ಸುಧಾರಿಸಿತು. ಎರಡೂ ಅಧ್ಯಯನಗಳು ಅಳೆದದ್ದು ಒಂದೇ ಅಲ್ಲ. ಆದರೂ ಮನೆಯ ತಾಲೀಮನ್ನು ತಿಳಿದವರು ಆಗಾಗ ನೋಡಿ ತಿದ್ದುತ್ತಿರಬೇಕು ಎಂಬುದನ್ನು ಇವೆರಡರಿಂದ ಕಲಿಯಬಹುದು.

ದೂರದಿಂದಲೇ ನೋಡುವ ದಾರಿಗಳೂ ತೆರೆದುಕೊಳ್ಳುತ್ತಿವೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಭೌತವಿಜ್ಞಾನಿ ಅವೀಕ್ ಬಿದ್ ಅವರ ತಂಡ 2022ರಲ್ಲಿ ಮೆತ್ತನೆಯ 3ಡಿ ಮುದ್ರಿತ ಗವಸೊಂದನ್ನು ಪ್ರಕಟಿಸಿತು. ಅದರೊಳಗೆ ಹಾಯುವ ಬೆಳಕು ಬೆರಳು ಬಾಗಿದಂತೆ ಬದಲಾಗುತ್ತದೆ. ಆ ಲೆಕ್ಕದಿಂದ ಬೆರಳು ಎಷ್ಟು ಬಾಗಿತೆಂದು ದೂರದ ಚಿಕಿತ್ಸಕರು ತಿಳಿಯಬಹುದು. ಬೆಲೆ 1000 ರೂಪಾಯಿಯೊಳಗೆ ಇರಬಹುದೆಂಬುದು ಆಗ ತಂಡದ ಅಂದಾಜಾಗಿತ್ತು.

ಗವಸು ಬರುವವರೆಗೆ ಕಾಯಬೇಕಿಲ್ಲ. ಗ್ರಾಮ ಪಂಚಾಯಿತಿಗಳಲ್ಲಿ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರಿದ್ದಾರೆ, ಮನೆಮನೆಯಲ್ಲಿ ವಾಟ್ಸ್‌ಆ್ಯಪ್ ಇದೆ. ಚೇತರಿಕೆಯ ವೇಗ ಹೆಚ್ಚಿರುವುದು ಮೊದಲ ಮೂರು ತಿಂಗಳಲ್ಲಿ. ಆದ್ದರಿಂದ ಡಿಸ್ಚಾರ್ಜ್ ದಿನ ಮಾತ್ರೆ ಚೀಟಿಯ ಜತೆಗೆ ಇನ್ನೂ ಮೂರನ್ನು ಬರೆಸಿಕೊಳ್ಳಬೇಕು: ಕೈಗೆ ಯಾವ ಕೆಲಸ, ದಿನಕ್ಕೆ ಎಷ್ಟು ಸಲ, ವಾರಕ್ಕೊಮ್ಮೆ ವಿಡಿಯೊ ಕಳಿಸಲು ಯಾವ ನಂಬರ್.