ಷಿಕಾಗೋ ನಗರದ ಒಂದನೆಯ ಕ್ಷೇತ್ರ

ಷಿಕಾಗೋ ಎಂಬ ಹೆಸರನ್ನು ಕೇಳಿದೊಡನೆ ನಮ್ಮವರಲ್ಲಿ ಬಹುಮಂದಿಗೆ 1893ನೆಯ ಇಸವಿಯ ಸರ್ವಧರ್ಮ ಸಮ್ಮೇಳನವೂ, ಅಲ್ಲಿ ವಿವೇಕಾನಂದರು ಎದ್ದು ನಿಂತು ಮಾತನಾಡಿದುದೂ ನೆನಪಿಗೆ ಬರುವುವು. ಆ ಸಭೆ ಸೇರಿದ್ದ ಕಟ್ಟಡವು ಮಿಷಿಗನ್ ಸರೋವರದ ಸಮೀಪದಲ್ಲಿ ಇಂದಿಗೂ ಇದೆ. ಅದೀಗ ಒಂದು ಪ್ರಸಿದ್ಧ ಚಿತ್ರಶಾಲೆ. ನಮ್ಮ ಯಾತ್ರಿಕರು ಸಾಮಾನ್ಯವಾಗಿ ಅಲ್ಲಿಗೆ ಕೈಮುಗಿದು ಹಿಂದಿರುಗುತ್ತಾರೆ. ಅಲ್ಲಿಂದ ದಕ್ಷಿಣಕ್ಕೆ ಮೂರು ನಾಲ್ಕು ಮೈಲಿ ಹೋದರೆ ಸಿಕ್ಕುವ ಬಡಾವಣೆಗಳೇ ಈ ಭಾಷಣದ ವಿಷಯ. ಇಲಿನಾಯ್ ಸಂಸ್ಥಾನದಿಂದ ಅಮೆರಿಕದ ಕಾಂಗ್ರೆಸ್ಸಿಗೆ ಪ್ರತಿನಿಧಿಯನ್ನು ಕಳುಹಿಸುವ ಕ್ಷೇತ್ರಗಳಲ್ಲಿ ಒಂದನೆಯದು ಆ ಬಡಾವಣೆಗಳನ್ನೊಳಗೊಂಡಿದೆ.

ಕಾಂಗ್ರೆಸ್ ಎಂದರೆ ಇಲ್ಲಿ ಒಂದು ಪಕ್ಷದ ಹೆಸರಲ್ಲ. ಆ ದೇಶದ ಶಾಸನ ಸಭೆಯ ಹೆಸರು. ಅದರ ಕೆಳಮನೆಯಾದ ಪ್ರತಿನಿಧಿ ಸಭೆಯಲ್ಲಿ 435 ಸ್ಥಾನಗಳುಂಟು. ಸದಸ್ಯನ ಅವಧಿ ಎರಡೇ ವರ್ಷ. ಹತ್ತು ವರ್ಷಕ್ಕೊಮ್ಮೆ ನಡೆಯುವ ಜನಗಣತಿಯನ್ನನುಸರಿಸಿ ಯಾವ ಸಂಸ್ಥಾನಕ್ಕೆ ಎಷ್ಟು ಸ್ಥಾನವೆಂಬುದು ಗೊತ್ತಾಗುತ್ತದೆ. ಆದರೆ ಸಂಸ್ಥಾನದೊಳಗೆ ಕ್ಷೇತ್ರಗಳ ಎಲ್ಲೆಯನ್ನು ಗುರುತಿಸುವ ಅಧಿಕಾರ ಹೆಚ್ಚಿನೆಡೆಗಳಲ್ಲಿ ಅಲ್ಲಿನ ಶಾಸಕರದೇ ಆಗಿದೆ. ಎಲ್ಲೆಯನ್ನು ಎಳೆಯುವವರೂ, ಅದರಿಂದ ಲಾಭ ಪಡೆಯುವವರೂ ಒಬ್ಬರೇ ಆದರೆ ಏನಾಗುವುದೆಂಬುದನ್ನು ಶ್ರೋತೃಗಳಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಇಪ್ಪತ್ತನೆಯ ಶತಮಾನದ ಮೊದಲಲ್ಲಿ ಈ ಕ್ಷೇತ್ರವು ಧನಿಕರ ಕ್ಷೇತ್ರವಾಗಿದ್ದಿತು. 1905ರಿಂದ ಇದರ ಪ್ರತಿನಿಧಿಯಾಗಿದ್ದವನು ಮಾರ್ಟಿನ್ ಮ್ಯಾಡನ್ ಎಂಬ ರಿಪಬ್ಲಿಕನ್ ಪಕ್ಷದವನು. ಕಟ್ಟಡದ ಕಲ್ಲಿನ ವ್ಯಾಪಾರದಲ್ಲಿ ಹಣವಂತನಾದವನು. ಆತನ ಕಾಲದಲ್ಲಿಯೇ ಕ್ಷೇತ್ರದ ಜನವೆಲ್ಲ ಬೇರೆಯಾಯಿತು. ದಕ್ಷಿಣ ಸಂಸ್ಥಾನಗಳಲ್ಲಿ ಮತದಾನದ ಹಕ್ಕನ್ನು ಕಳೆದುಕೊಂಡು, ಹತ್ತಿಯ ಹೊಲಗಳಲ್ಲಿ ಸಾಲಕ್ಕೆ ಸಿಕ್ಕಿಬಿದ್ದು, ಗುಂಪುಗಳ ಹಿಂಸೆಗೆ ಹೆದರಿ ಬದುಕುತ್ತಿದ್ದ ಕಪ್ಪು ಜನರು ರೈಲುಗಳಲ್ಲಿ ಉತ್ತರಕ್ಕೆ ಹೊರಟುಬಂದರು. ಷಿಕಾಗೋದಲ್ಲಿ ಕಸಾಯಿಖಾನೆಗಳಲ್ಲಿಯೂ ಉಕ್ಕಿನ ಕಾರ್ಖಾನೆಗಳಲ್ಲಿಯೂ ಕೆಲಸವಿದ್ದಿತು. ಅಲ್ಲಿಯ ‘ಡಿಫೆಂಡರ್’ ಎಂಬ ಕಪ್ಪು ಜನರ ಪತ್ರಿಕೆಯನ್ನು ರೈಲಿನ ಮಲಗುವ ಗಾಡಿಗಳ ಪರಿಚಾರಕರು ದಕ್ಷಿಣದ ಊರೂರಿಗೆ ಮುಟ್ಟಿಸಿ, ‘ಬನ್ನಿರಿ’ ಎಂಬ ಕರೆಯನ್ನು ಹರಡಿದರು. 1910ರಲ್ಲಿ ನಗರದ ಕಪ್ಪು ಜನರ ಸಂಖ್ಯೆ 44 ಸಾವಿರ. 1920ರಲ್ಲಿ 1 ಲಕ್ಷ 9 ಸಾವಿರ. 1930ರಲ್ಲಿ 2 ಲಕ್ಷ 33 ಸಾವಿರ.

ಬಂದವರು ಎಲ್ಲಿ ಬೇಕೆಂದರೆ ಅಲ್ಲಿ ಮನೆ ಮಾಡುವಂತಿರಲಿಲ್ಲ. 1919ರ ಜುಲೈ ತಿಂಗಳಲ್ಲಿ ಸರೋವರದಲ್ಲಿ ಈಜುತ್ತಿದ್ದ ಹದಿನೇಳು ವರ್ಷದ ಕಪ್ಪು ಹುಡುಗನೊಬ್ಬನು ಬಿಳಿಯರದೆಂದು ಎಣಿಸಿದ್ದ ನೀರಿನ ಕಡೆಗೆ ತೇಲಿಬಂದನು. ಬಿಳಿಯನೊಬ್ಬನು ಕಲ್ಲು ಬೀರಿದನು. ಹುಡುಗನು ಮುಳುಗಿ ಸತ್ತನು. ಅನಂತರದ ದೊಂಬಿಯಲ್ಲಿ 38 ಜನ ಪ್ರಾಣ ನೀಗಿದರು; ಅವರಲ್ಲಿ 23 ಮಂದಿ ಕಪ್ಪು ಜನರು. ನೀರಿನ ಮೇಲೆ ಕಾಣದಿದ್ದ ಆ ಎಲ್ಲೆಯನ್ನು ನೆಲದ ಮೇಲೆ ಕಾಗದಪತ್ರಗಳು ಕಾಯುತ್ತಿದ್ದುವು. ಕಪ್ಪು ಜನರಿಗೆ ಮಾರಕೂಡದು, ಬಾಡಿಗೆಗೆ ಕೊಡಕೂಡದು ಎಂಬ ಷರತ್ತನ್ನು ಮನೆಯ ಕ್ರಯಪತ್ರಗಳಲ್ಲಿಯೇ ಬರೆಯುವ ಪದ್ಧತಿ ಮುಂದೆ ಹರಡಿತು. ನ್ಯಾಯಾಲಯಗಳು ಇಂಥ ಷರತ್ತುಗಳನ್ನು ಜಾರಿಗೆ ತರಕೂಡದೆಂದು ಅಮೆರಿಕದ ಶ್ರೇಷ್ಠ ನ್ಯಾಯಾಲಯವು ಹೇಳಿದ್ದು 1948ರಲ್ಲಿ. ಅಲ್ಲಿಯವರೆಗೆ ದಕ್ಷಿಣ ಭಾಗದ ಒಂದು ಕಿರಿದಾದ ಪಟ್ಟಿಯಲ್ಲಿ ಈ ಜನರು ಒತ್ತೊತ್ತಾಗಿ ತುಂಬಿಕೊಂಡರು.

ಈ ಬಂಧನದಿಂದಲೇ ಒಂದು ಬಲವೂ ಹುಟ್ಟಿತು. ದಕ್ಷಿಣದಲ್ಲಿ ಇಲ್ಲದಿದ್ದ ಮತ ಷಿಕಾಗೋದಲ್ಲಿ ಇದ್ದಿತು. ಮತದಾರರೆಲ್ಲರೂ ಒಂದೇ ಕಡೆ ಇದ್ದರು. ಅದರ ಜೊತೆಗೆ ಇಲಿನಾಯ್ ಶಾಸಕರ ಆಲಸ್ಯವೂ ಸೇರಿತು. ಆಲಸ್ಯವೆನ್ನುವುದು ನನ್ನ ಸೌಜನ್ಯ. ನಿಜವಾಗಿ ಅದು ಸ್ವಾರ್ಥ. ನಗರವು ಬೆಳೆದಂತೆಲ್ಲ ಅದಕ್ಕೆ ಹೆಚ್ಚು ಸ್ಥಾನ ಕೊಡಬೇಕಾಗುವುದೆಂಬ ಭಯದಿಂದ ಗ್ರಾಮಾಂತರದ ಶಾಸಕರು 1901ರಲ್ಲಿ ಎಳೆದ ಎಲ್ಲೆಗಳನ್ನು 1947ರವರೆಗೂ ಬದಲಾಯಿಸಲಿಲ್ಲ. ಎಲ್ಲ ಕ್ಷೇತ್ರಗಳಲ್ಲಿಯೂ ಜನಸಂಖ್ಯೆ ಸಮನಾಗಿರಬೇಕೆಂಬ ತೀರ್ಪು ಬಂದುದು 1964ರಲ್ಲಿ. ಹೀಗೆ ಬಿಳಿಯ ಧನಿಕರಿಗಾಗಿ ಗುರುತಿಸಿದ ಎಲ್ಲೆಯೊಳಗೆ ಕಪ್ಪು ಜನರು ದೊಡ್ಡ ಸಂಖ್ಯೆಯಲ್ಲಿ ಸೇರಿದರು.

1928ರ ಏಪ್ರಿಲಿನಲ್ಲಿ ಮ್ಯಾಡನನು ಪಕ್ಷದೊಳಗಿನ ಚುನಾವಣೆಯಲ್ಲಿ ಒಬ್ಬ ಕಪ್ಪು ವಕೀಲನನ್ನು ಸೋಲಿಸಿದನು. ಆ ವಕೀಲನ ಹೆಸರು ವಿಲಿಯಂ ಡಾಸನ್. ಅವನ ಮಾತು ಮುಂದೆ ಬರುವುದು. ಕೆಲವೇ ದಿನಗಳಲ್ಲಿ ಮ್ಯಾಡನನು ರಾಜಧಾನಿಯ ಶಾಸನಸಭಾ ಭವನದಲ್ಲಿಯೇ ತೀರಿಕೊಂಡನು. ಪಕ್ಷದ ವಾರ್ಡು ಮುಖಂಡರು ಆಸ್ಕರ್ ಡಿ ಪ್ರೀಸ್ಟ್ ಎಂಬವನನ್ನು ಅವನ ಸ್ಥಾನಕ್ಕೆ ನಿಲ್ಲಿಸಿದರು. ಡಿ ಪ್ರೀಸ್ಟನು 1871ರಲ್ಲಿ ಅಲಬಾಮದಲ್ಲಿ ಹುಟ್ಟಿದವನು. ಷಿಕಾಗೋಗೆ ಬಂದು ಮನೆಗಳಿಗೆ ಬಣ್ಣ ಬಳಿಯುವ ಕೆಲಸದಿಂದ ಮೊದಲುಮಾಡಿ, ಮನೆಗಳ ವ್ಯಾಪಾರದಲ್ಲಿ ಮೇಲೆ ಬಂದವನು. 1915ರಲ್ಲಿ ನಗರಸಭೆಯ ಮೊದಲ ಕಪ್ಪು ಸದಸ್ಯನಾದವನು. ಲಂಚದ ಆರೋಪ ಬಂದಾಗ ಪ್ರಸಿದ್ಧ ವಕೀಲ ಕ್ಲಾರೆನ್ಸ್ ಡಾರೋ ಅವನ ಪರವಾಗಿ ವಾದಿಸಿ ಬಿಡುಗಡೆ ಮಾಡಿಸಿದ್ದನು. 1928ರ ನವೆಂಬರಿನಲ್ಲಿ ಸುಮಾರು 4 ಸಾವಿರ ಮತಗಳ ಅಂತರದಿಂದ ಗೆದ್ದನು.

ಉತ್ತರ ಕರೊಲಿನದ ಜಾರ್ಜ್ ವೈಟನು 1901ರಲ್ಲಿ ಹೊರಬಂದಮೇಲೆ ಕಾಂಗ್ರೆಸ್ಸಿನಲ್ಲಿ ಒಬ್ಬನಾದರೂ ಕಪ್ಪು ಸದಸ್ಯನಿರಲಿಲ್ಲ. ಇಪ್ಪತ್ತೆಂಟು ವರ್ಷಗಳ ಬಳಿಕ ಡಿ ಪ್ರೀಸ್ಟನು ಒಳಗೆ ಕಾಲಿಟ್ಟನು. ಪ್ರಮಾಣವಚನವನ್ನು ಸಂಸ್ಥಾನವಾರು ಬೋಧಿಸುವುದು ಅಲ್ಲಿನ ವಾಡಿಕೆ. ಹಾಗೆ ಮಾಡಿದರೆ ಮೊದಲೇ ಪ್ರಮಾಣ ಮಾಡಿದ ದಕ್ಷಿಣದ ಸದಸ್ಯರು ಇವನಿಗೆ ಅಡ್ಡಿ ಎತ್ತಬಹುದೆಂದು, ಸಭಾಧ್ಯಕ್ಷ ಲಾಂಗ್‌ವರ್ತನು ಆ ದಿನ ಎಲ್ಲರಿಗೂ ಒಟ್ಟಿಗೆ ಪ್ರಮಾಣ ಬೋಧಿಸಿದನು. ಅಧ್ಯಕ್ಷ ಹೂವರನ ಪತ್ನಿಯು ಇತರ ಸದಸ್ಯರ ಪತ್ನಿಯರಂತೆ ಡಿ ಪ್ರೀಸ್ಟನ ಪತ್ನಿಯನ್ನೂ ಚಹಕ್ಕೆ ಕರೆದಾಗ ದಕ್ಷಿಣದ ಕೆಲವು ಶಾಸನಸಭೆಗಳು ಅದನ್ನು ಖಂಡಿಸಿದುವು. ಒಂದು ಬಟ್ಟಲು ಚಹದ ಮೇಲೆ ಶಾಸನಸಭೆಗಳು ಚರ್ಚೆಗೆ ಕುಳಿತುವೆಂಬುದನ್ನು ಗಮನಿಸಿರಿ. 1934ರಲ್ಲಿ ಪ್ರತಿನಿಧಿ ಸಭೆಯ ಭೋಜನಶಾಲೆಯಲ್ಲಿ ಡಿ ಪ್ರೀಸ್ಟನ ಕಾರ್ಯದರ್ಶಿಗೇ ಊಟ ಕೊಡಲಿಲ್ಲ. ಅವನು 145 ಸದಸ್ಯರ ಸಹಿ ಪಡೆದು ವಿಚಾರಣೆಯೇನೋ ನಡೆಯುವಂತೆ ಮಾಡಿದನು, ನಿಯಮ ಬದಲಾಗಲಿಲ್ಲ. ಆದರೂ ದೇಶದಲ್ಲೆಲ್ಲ ಮತವಿಲ್ಲದ ಕಪ್ಪು ಜನರು ತಮ್ಮ ದೂರುಗಳನ್ನು ಬರೆಯಲು ಒಂದು ವಿಳಾಸ ದೊರೆತಂತಾಯಿತು. ಷಿಕಾಗೋದ ಒಂದು ಕ್ಷೇತ್ರವು ಒಂದು ಜನಾಂಗದ ಕ್ಷೇತ್ರವಾಯಿತು.

ಅದೇ 1934ರಲ್ಲಿ ಅವನು ಸೋತನು. ಬಡವರಿಗೆ ರೂಸ್‌ವೆಲ್ಟರ ಸರಕಾರ ಕೊಡುತ್ತಿದ್ದ ಪರಿಹಾರವನ್ನು ಅವನು ಒಪ್ಪುತ್ತಿರಲಿಲ್ಲ. ಹಸಿದವರಿಗೆ ಆ ಮಾತು ಹಿಡಿಸಲಿಲ್ಲ. ಅವನನ್ನು ಸೋಲಿಸಿದ ಆರ್ಥರ್ ಮಿಚೆಲನು ಡೆಮೊಕ್ರಾಟ್ ಪಕ್ಷದಿಂದ ಕಾಂಗ್ರೆಸ್ಸಿಗೆ ಹೋದ ಮೊದಲ ಕಪ್ಪು ಸದಸ್ಯ. ಗುಲಾಮಗಿರಿಯನ್ನು ತೊಡೆದ ಲಿಂಕನನ ಪಕ್ಷಕ್ಕೆ ಎರಡು ತಲೆಮಾರು ನಿಷ್ಠೆಯಿಂದಿದ್ದ ಜನರು ಪಕ್ಷಾಂತರ ಮಾಡುವರೆಂಬುದಕ್ಕೆ ಈ ಚುನಾವಣೆಯೇ ಮೊದಲ ಸೂಚನೆ. 1937ರಲ್ಲಿ ಮೊದಲ ದರ್ಜೆಯ ಟಿಕೆಟು ಪಡೆದಿದ್ದ ಮಿಚೆಲನನ್ನು ಅರ್ಕನ್ಸಾ ಸಂಸ್ಥಾನದಲ್ಲಿ ಕಪ್ಪು ಜನರ ಗಾಡಿಗೆ ಎಬ್ಬಿಸಿ ಕಳುಹಿಸಿದರು. ಅವನು ಮೊಕದ್ದಮೆ ಹೂಡಿ, ಶ್ರೇಷ್ಠ ನ್ಯಾಯಾಲಯದಲ್ಲಿ ತಾನೇ ವಾದಿಸಿ, 1941ರಲ್ಲಿ ಗೆದ್ದನು.

1943ರಿಂದ 1970ರವರೆಗೆ ಈ ಸ್ಥಾನದಲ್ಲಿದ್ದವನು ಮೊದಲು ಹೇಳಿದ ವಿಲಿಯಂ ಡಾಸನ್. ಈ ಕ್ಷೇತ್ರದ ಕಥೆಯ ತಿರುಳೆಲ್ಲ ಇವನಲ್ಲಿದೆ ಎಂದು ನನ್ನ ಅಭಿಪ್ರಾಯ. ಷಿಕಾಗೋದ ಪಕ್ಷವ್ಯವಸ್ಥೆಗೆ ಅಲ್ಲಿನ ಜನ ‘ಯಂತ್ರ’ವೆಂದೇ ಹೆಸರಿಟ್ಟಿದ್ದರು. ನಗರವು ವಾರ್ಡುಗಳಾಗಿಯೂ, ವಾರ್ಡು ಕೆಲವು ಬೀದಿಗಳ ಗುಂಪುಗಳಾಗಿಯೂ ವಿಭಾಗವಾಗಿದ್ದಿತು. ಪ್ರತಿಯೊಂದು ಗುಂಪಿಗೆ ಪಕ್ಷದ ಒಬ್ಬ ಕಾರ್ಯಕರ್ತ. ಮಗನಿಗೆ ಅಂಚೆ ಕಛೇರಿಯಲ್ಲಿ ಕೆಲಸ, ಬಾಡಿಗೆಗೆ ಸಾಲದ ಹಣ, ಠಾಣೆಯಿಂದ ಬಿಡುಗಡೆ—ಏನು ಬೇಕಾದರೂ ಅವನ ಬಳಿಗೆ ಹೋಗಬೇಕು. ಚುನಾವಣೆಯ ದಿನ ಅವನು ಮನೆಯ ಬಾಗಿಲಿಗೆ ಬರುವನು. ಈ ಯಂತ್ರದ ದಕ್ಷಿಣ ಭಾಗಕ್ಕೆಲ್ಲ ಡಾಸನ್ನನೇ ಒಡೆಯ. 1949ರಲ್ಲಿ ಅವನು ಪ್ರತಿನಿಧಿ ಸಭೆಯ ಒಂದು ಸ್ಥಾಯೀ ಸಮಿತಿಗೆ ಅಧ್ಯಕ್ಷನಾದನು. ಅದಕ್ಕೆ ಮೊದಲು ಯಾವ ಕಪ್ಪು ಸದಸ್ಯನಿಗೂ ಆ ಪದವಿ ದೊರೆತಿರಲಿಲ್ಲ. ಸೈನ್ಯದಲ್ಲಿ ವರ್ಣಭೇದವನ್ನು ಮತ್ತೆ ತರುವ ಸೂಚನೆ 1951ರಲ್ಲಿ ಬಂದಾಗ, ಮೊದಲ ಮಹಾಯುದ್ಧದಲ್ಲಿ ಗಾಯಗೊಂಡಿದ್ದ ಅವನು ಎದ್ದು ವಿರೋಧಿಸಿದನು, ಸೂಚನೆ ಬಿದ್ದುಹೋಯಿತು. ಆದರೆ ಅಂಥ ಭಾಷಣಗಳು ಅಪರೂಪ. ವರ್ಣಭೇದವಿರುವ ಶಾಲೆಗಳಿಗೆ ಹಣ ಕೊಡಬಾರದೆಂದು ಹಾರ್ಲೆಮಿನ ಆ್ಯಡಂ ಕ್ಲೇಟನ್ ಪವೆಲ್ 1956ರಲ್ಲಿ ತಂದ ತಿದ್ದುಪಡಿಯನ್ನು ಡಾಸನ್ನನೇ ವಿರೋಧಿಸಿದನು. ಅದು ಸೇರಿದರೆ ಶಾಲೆಗಳ ಮಸೂದೆಯೇ ಬೀಳುವುದೆಂಬುದು ಅವನ ಪಕ್ಷದವರ ಲೆಕ್ಕ. ಅದೇ ಕಾಲದಲ್ಲಿ ಸ್ಟೇಟ್ ರಸ್ತೆಯ ಉದ್ದಕ್ಕೂ ಹದಿನಾರು ಅಂತಸ್ತಿನ 28 ಸರಕಾರಿ ವಸತಿಗೃಹಗಳು ಸಿದ್ಧವಾದುವು. ಕ್ರಯಪತ್ರದ ಷರತ್ತುಗಳು ಹೋದರೂ ಕಪ್ಪು ಜನರು ಅದೇ ಪಟ್ಟಿಯಲ್ಲಿ ಈಗ ಒಬ್ಬರ ಮೇಲೊಬ್ಬರಾಗಿ ಉಳಿದರು. ಯಂತ್ರಕ್ಕೆ ಮಾತ್ರ ಇದರಿಂದ ನಷ್ಟವೇನೂ ಇರಲಿಲ್ಲ. ಡಾಸನ್ನನು ಕೆಲಸ ಕೊಡಿಸಿದ ಸಾವಿರಾರು ಸಂಸಾರಗಳು ಅವನನ್ನು ಹರಸಿರಬಹುದು. ಆದರೆ ಡಿ ಪ್ರೀಸ್ಟನಿಗೆ ಅಲಬಾಮದಿಂದ ಕಾಗದ ಬರೆಯುತ್ತಿದ್ದವನಿಗೆ ಈ ಕ್ಷೇತ್ರದಲ್ಲಿ ಇನ್ನು ವಿಳಾಸವಿರಲಿಲ್ಲವೆಂದೇ ಹೇಳಬೇಕು.

ಯಂತ್ರವನ್ನು ಮುರಿದವನು ಯಂತ್ರದೊಳಗೇ ಬೆಳೆದವನು. 1936ರ ಬರ್ಲಿನ್ ಒಲಿಂಪಿಕ್ಸಿನಲ್ಲಿ ಜೆಸ್ಸಿ ಓವೆನ್ಸನ ಜೊತೆಗೆ ಓಡಿ ಚಿನ್ನ ಗೆದ್ದಿದ್ದ ರಾಲ್ಫ್ ಮೆಟ್ಕಾಫನು 1970ರಲ್ಲಿ ಡಾಸನ್ನನ ಸ್ಥಾನಕ್ಕೆ ಬಂದನು. ನಗರಾಧ್ಯಕ್ಷ ಡೇಲಿಯ ನೆಚ್ಚಿನ ಬಂಟನೆಂದು ಅವನನ್ನು ಎಲ್ಲರೂ ಬಲ್ಲರು. 1972ರಲ್ಲಿ ಪೊಲೀಸರು ಇಬ್ಬರು ಕಪ್ಪು ದಂತವೈದ್ಯರನ್ನು ಒರಟಾಗಿ ನಡೆಸಿಕೊಂಡಾಗ, ಆತನು ಡೇಲಿಯನ್ನು ಬಹಿರಂಗವಾಗಿ ಎದುರಿಸಿದನು. 1976ರಲ್ಲಿ ಡೇಲಿ ತನ್ನ ಅಭ್ಯರ್ಥಿಯನ್ನು ಎದುರುನಿಲ್ಲಿಸಿದನು. ಕ್ಷೇತ್ರವು ಮೆಟ್ಕಾಫನನ್ನೇ ಆರಿಸಿತು. ಎರಡು ವರ್ಷದ ಮೇಲೆ ಅವನು ತೀರಿಕೊಂಡಾಗ ಮುಖಂಡರು ಮತ್ತೆ ತಮ್ಮವನೊಬ್ಬನನ್ನು ಕೂರಿಸಿದರು. 1980ರಲ್ಲಿ ಹೆರಾಲ್ಡ್ ವಾಷಿಂಗ್ಟನ್ ಅವನನ್ನು ಸೋಲಿಸಿ ಕಾಂಗ್ರೆಸ್ಸಿಗೆ ಹೋದನು; 1983ರಲ್ಲಿ ಅಲ್ಲಿಂದ ಹಿಂದಿರುಗಿ ಷಿಕಾಗೋದ ಮೊದಲ ಕಪ್ಪು ನಗರಾಧ್ಯಕ್ಷನಾದನು.

ಮುಂದಿನದನ್ನು ಬೇಗ ಹೇಳಿಬಿಡಬಹುದು. ವಾಷಿಂಗ್ಟನ್ನನ ಸ್ಥಾನಕ್ಕೆ ಬಂದ ಕಾರ್ಮಿಕ ನಾಯಕ ಚಾರ್ಲ್ಸ್ ಹೇಯ್ಸನನ್ನು 1992ರಲ್ಲಿ ಬಾಬಿ ರಷ್ ಸೋಲಿಸಿದರು. ರಷ್ ಅವರು ಯೌವನದಲ್ಲಿ ‘ಬ್ಲಾಕ್ ಪ್ಯಾಂಥರ್’ ಎಂಬ ಉಗ್ರ ಪಕ್ಷದ ಇಲಿನಾಯ್ ಶಾಖೆಯನ್ನು ಕಟ್ಟಿದವರಲ್ಲೊಬ್ಬರು. 2000ದಲ್ಲಿ ಅವರನ್ನು ಎದುರಿಸಿದ ಒಬ್ಬ ತರುಣ ಶಾಸಕರು ಒಂದಕ್ಕೆ ಎರಡರ ಪ್ರಮಾಣದಲ್ಲಿ ಸೋತರು. ವಿಶ್ವವಿದ್ಯಾನಿಲಯದಲ್ಲಿ ನ್ಯಾಯಶಾಸ್ತ್ರ ಬೋಧಿಸುತ್ತಿದ್ದ ಆ ತರುಣರು ಹೊರಗಿನಿಂದ ಬಂದವರೆಂಬ ಮಾತು ಬೀದಿಗಳಲ್ಲಿ ಅವರ ವಿರುದ್ಧ ನಡೆಯಿತು. ಅವರ ಹೆಸರು ಬರಾಕ್ ಒಬಾಮಾ. ಎಂಟು ವರ್ಷಗಳಲ್ಲಿ ಅವರನ್ನು ಇಡೀ ದೇಶವೇ ಆರಿಸಿತು. ಈ ಕ್ಷೇತ್ರ ಮಾತ್ರ ತನ್ನ ಪ್ರತಿನಿಧಿಯನ್ನಾಗಿ ಆರಿಸಲಿಲ್ಲ.

ಈ ನಡುವೆ ಬೇಲಿ ಸಡಿಲವಾಗಿತ್ತು. ಅನುಕೂಲವಿದ್ದವರು ಉಪನಗರಗಳಿಗೂ ದಕ್ಷಿಣದ ಸಂಸ್ಥಾನಗಳಿಗೂ ಹೊರಟುಹೋದರು. ಸ್ಟೇಟ್ ರಸ್ತೆಯ ಆ 28 ಕಟ್ಟಡಗಳನ್ನು 2007ರ ವೇಳೆಗೆ ಪೂರ್ಣವಾಗಿ ಕೆಡವಿದರು. 1980ರಲ್ಲಿ ಷಿಕಾಗೋದಲ್ಲಿ ಸುಮಾರು 12 ಲಕ್ಷವಿದ್ದ ಕಪ್ಪು ಜನರು 2020ರ ಗಣತಿಯಲ್ಲಿ 8 ಲಕ್ಷಕ್ಕಿಂತ ಕಡಮೆಯಾದರು. ಜನಸಂಖ್ಯೆ ಸಮನಾಗಿರಬೇಕೆಂಬ ನಿಯಮವಿರುವುದರಿಂದ, ಕುಗ್ಗಿದ ಕ್ಷೇತ್ರಕ್ಕೆ ಹೊರಗಿನ ಜನರನ್ನು ಸೇರಿಸಲೇಬೇಕು. ಪ್ರತಿಯೊಂದು ಗಣತಿಯ ಬಳಿಕವೂ ಎಲ್ಲೆ ನೈಋತ್ಯಕ್ಕೆ ಚಾಚುತ್ತ, ನಗರವನ್ನು ದಾಟಿ, ಬಿಳಿಯರೇ ಹೆಚ್ಚಾಗಿರುವ ವಿಲ್ ಜಿಲ್ಲೆಯ ಊರುಗಳನ್ನು ಒಳಗೊಂಡಿತು. ಬೇಲಿ ಕಟ್ಟಿದ್ದಾಗ ದೊರೆತ ಸ್ಥಾನವನ್ನು ಬೇಲಿ ಬಿದ್ದಮೇಲೆ ಉಳಿಸಿಕೊಳ್ಳುವುದು ಹೇಗೆಂಬುದು ಈಗ ದಕ್ಷಿಣ ಭಾಗದವರ ಚಿಂತೆ; ಬೇಲಿಯೇ ಇರಲೆಂದು ಬಯಸುವವರು ಯಾರು? 2022ರಲ್ಲಿ ರಷ್ ಅವರು ನಿವೃತ್ತರಾಗಲು ನಿಶ್ಚಯಿಸಿದಾಗ ಡೆಮೊಕ್ರಾಟ್ ಪಕ್ಷದೊಳಗೆ ಹತ್ತಕ್ಕಿಂತ ಹೆಚ್ಚು ಮಂದಿ ಸ್ಪರ್ಧಿಸಿದರು. ಗೆದ್ದವರು ಪ್ರಸಿದ್ಧ ನಾಯಕ ಜೆಸ್ಸಿ ಜಾಕ್ಸನ್ನರ ಮಗ ಜೊನಾಥನ್ ಜಾಕ್ಸನ್. 2023ರ ಜನವರಿಯಲ್ಲಿ ಅವರು ಪ್ರಮಾಣವಚನ ಸ್ವೀಕರಿಸಿದರು. 1929ರಿಂದ ಆವರೆಗೆ ಈ ಕ್ಷೇತ್ರವನ್ನು ಪ್ರತಿನಿಧಿಸಿದವರೆಲ್ಲರೂ ಕಪ್ಪು ಜನರೇ.