ಸೀರೆ ಹೀರುತ್ತದೆ, ಕೊಡೆ ಉದುರಿಸುತ್ತದೆ

ಹುನಗುಂದದ ಓದುಗರೊಬ್ಬರು ಕೇಳಿದ್ದಾರೆ: ಇಳಕಲ್ ಸೀರೆಯ ಮೇಲೆ ಚಹಾ ಚೆಲ್ಲಿದರೆ ಕಣ್ಣು ಮಿಟುಕಿಸುವುದರೊಳಗೆ ಹರಡುತ್ತದೆ. ಕೊಡೆಯ ಮೇಲೆ ಮಳೆಹನಿ ಗುಂಡಗೆ ಉರುಳುತ್ತದೆ. ಎರಡೂ ನೇಯ್ದ ಬಟ್ಟೆಯೇ, ಯಾಕೆ ಹೀಗೆ?

ನೇಯ್ಗೆಯ ಒರಟುತನಕ್ಕೆ ಸ್ವಂತ ಅಭಿಪ್ರಾಯವಿಲ್ಲ. ಚಾಡಿಕೋರ ನೆಂಟನ ಹಾಗೆ ಇದ್ದದ್ದಕ್ಕೆ ಒಗ್ಗರಣೆ ಹಾಕುವುದಷ್ಟೇ ಅದರ ಕೆಲಸ. ನೀರಿಗೆ ಒಲಿದ ಮೇಲ್ಮೈಯನ್ನು ಇನ್ನಷ್ಟು ಒಲಿಸುತ್ತದೆ, ಒಲ್ಲದ್ದನ್ನು ಇನ್ನಷ್ಟು ದೂರ ಮಾಡುತ್ತದೆ. 1936ರಲ್ಲಿ ಇದನ್ನು ಸೂತ್ರಕ್ಕೆ ಇಳಿಸಿದವರು ಅಮೆರಿಕದ ರಾಬರ್ಟ್ ವೆಂಜೆಲ್.

ನನಗೆ ಹೆಚ್ಚು ಹಿಡಿಸುವುದು ಆಮೇಲಿನ ಕಥೆ. ನೀರು ಅಂಟದ ಮೇಲ್ಮೈ ಎಂದೊಡನೆ ಎಲ್ಲರೂ ತಾವರೆ ಎಲೆಯನ್ನು ಹೊಗಳುತ್ತಾರೆ. ಆದರೆ ಅದರ ಗುಟ್ಟನ್ನು ಬಿಡಿಸುವ ಸೂತ್ರ ಹುಟ್ಟಿದ್ದು ಬಟ್ಟೆಯ ಚಿಂತೆಯಲ್ಲಿ. ಇಂಗ್ಲೆಂಡಿನ ಲೀಡ್ಸ್‌ನಲ್ಲಿ ಉಣ್ಣೆ ಉದ್ಯಮದ ಸಂಶೋಧನಾ ಸಂಸ್ಥೆಯಲ್ಲಿದ್ದ ಕ್ಯಾಸಿ ಮತ್ತು ಬ್ಯಾಕ್ಸ್ಟರ್ ಮೇಣ ಬಳಿದ ತಂತಿಜಾಲರಿಯ ಮೇಲೆ ನೀರಿನ ಹನಿಯ ಅಂಚು ಮೇಲ್ಮೈಯೊಂದಿಗೆ ಮಾಡುವ ಸ್ಪರ್ಶಕೋನವನ್ನು (ಅದು ಹೆಚ್ಚಿದಷ್ಟೂ ಹನಿ ಗುಂಡಗೆ) ಅಳೆದು, 1944ರಲ್ಲಿ ಲೆಕ್ಕ ಪ್ರಕಟಿಸಿದರು. ಎಳೆಗಳ ನಡುವೆ ಗಾಳಿ ಸಿಕ್ಕಿಕೊಂಡರೆ ಹನಿ ಒಂದಿಷ್ಟು ಎಳೆಯ ಮೇಲೆ, ಉಳಿದದ್ದು ಗಾಳಿಯ ಮೇಲೆ ಕೂರುತ್ತದೆ. ನುಣುಪು ಟೆಫ್ಲಾನಿನ ಮೇಲೆ ಸ್ಪರ್ಶಕೋನ ಸುಮಾರು 110 ಡಿಗ್ರಿ. ತಾವರೆ ಎಲೆಯ ಮೇಲೆ 160ರ ಆಸುಪಾಸು. ಹೆಚ್ಚಿನದ್ದು ಗಾಳಿಯ ಕೊಡುಗೆ. ಬಾತುಕೋಳಿ ನೆನೆಯದಿರುವುದೂ ಹೀಗೆಯೇ.

ಇನ್ನು ಸೀರೆಯ ಸರದಿ. ಇಳಕಲ್ಲಿನ ಮಗ್ಗದಲ್ಲಿ ಒಡಲಿನ ಹಾಸುನೂಲಿಗೆ ಸೆರಗಿನ ಹಾಸುನೂಲನ್ನು ಕೊಂಡಿ ಹಾಕಿ ಕೂಡಿಸುತ್ತಾರೆ. ಒಡಲು ಹತ್ತಿಯದಾದರೆ ಅದು ಸೆಲ್ಯುಲೋಸ್, ಅಂದರೆ ಉದ್ದ ಸರಪಳಿಯಂಥ ಅಣುಗಳ ಪಾಲಿಮರ್. ಸರಪಳಿಯುದ್ದಕ್ಕೂ ನೀರನ್ನು ಹಿಡಿಯುವ ಹೈಡ್ರಾಕ್ಸಿಲ್ ಗುಂಪುಗಳು. ರೇಯಾನಿನ ಸೆರಗಾದರೆ ಅದೂ ಮರದ ತಿರುಳಿನ ಸೆಲ್ಯುಲೋಸ್. ಇಷ್ಟು ಬಾಯಾರಿದ ಎಳೆಗಳ ನಡುವೆ ಸಣ್ಣ ಸಂದುಗಳಿದ್ದರೆ ಚಹಾ ಒಳಗೆ ನುಗ್ಗದೆ ಇನ್ನೇನು ಮಾಡೀತು?

ಆದರೆ ಎರೆಹೊಲದಲ್ಲಿ ಆಗತಾನೆ ಬಿರಿದ ಹತ್ತಿಯ ಮೇಲೆ ಒಂದು ಹನಿ ಬಿಟ್ಟು ನೋಡಿ. ಇಂಗುವುದಿಲ್ಲ, ಮುತ್ತಿನಂತೆ ಕೂತೇ ಇರುತ್ತದೆ. ಹಸಿ ಹತ್ತಿಯ ಎಳೆಗೆ ತೆಳ್ಳನೆಯ ಮೇಣದ ಹೊದಿಕೆಯಿದೆ, ತೂಕದಲ್ಲಿ ನೂರಕ್ಕೆ ಒಂದರಷ್ಟು. ಕ್ಷಾರದಲ್ಲಿ ಕುದಿಸಿ ಅದನ್ನು ತೆಗೆದ ಮೇಲೆಯೇ ನೂಲು ಬಣ್ಣ ಕುಡಿಯುವುದು. ಸೆಲ್ಯುಲೋಸೂ ಅದೇ, ಎಳೆಯೂ ಅದೇ. ಹೊರಗಿನ ಪದರವೊಂದು ಹೋದರೆ ಸ್ವಭಾವವೇ ತಿರುಗಿಬೀಳುತ್ತದೆ.

ಕೊಡೆಯ ಪಾಲಿಯೆಸ್ಟರಿಗೆ ಕಾರ್ಖಾನೆಯಲ್ಲಿ ಬಳಿಯುವುದೂ ಅಂಥದ್ದೇ ಪದರ. ‘ನ್ಯಾನೋ’ ಎಂದು ಹೆಸರಿಟ್ಟು, ಒಮ್ಮೆ ಸಿಂಪಡಿಸಿದರೆ ಸೀರೆಗೆ ಕಲೆಯೇ ಅಂಟದು ಎನ್ನುವ ಜಾಹೀರಾತುಗಳನ್ನು ನಾನು ಅಷ್ಟಾಗಿ ನಂಬುವುದಿಲ್ಲ. ಉಜ್ಜಾಟ, ಒಗೆತಕ್ಕೆ ಪದರ ಸವೆಯುತ್ತದೆ. ಸೋಪಿನ ನೀರಂತೂ ಮೇಲ್ಮೈ ಎಳೆತವನ್ನೇ ಇಳಿಸಿ ಗಾಳಿಯ ಜಾಗಕ್ಕೆ ನುಸುಳುತ್ತದೆ. ಆದ್ದರಿಂದ ಕೊಡೆಯನ್ನು ಸೋಪು ಹಾಕಿ ತೊಳೆದವರು ಚೆನ್ನಾಗಿ ಜಾಲಿಸಬೇಕು. ಉಳಿದ ಸೋಪು ಮುಂದಿನ ಮಳೆಯನ್ನು ಒಳಗೆ ಕರೆಯುತ್ತದೆ.