ಬೇಸಿಗೆಯಲ್ಲಿ ಒಬ್ಬರೇ ಕೈಗೊಳ್ಳುವ ಪರ್ವತ ಚಾರಣ: ಅನುಮತಿ ಮತ್ತು ಮುನ್ನೆಚ್ಚರಿಕೆ

ಹಾಸನ ಜಿಲ್ಲೆ, ಬೇಲೂರು ತಾಲ್ಲೂಕಿನ ಹಗರೆ ಮತ್ತು ಹಳೇಬೀಡು ಭಾಗದ ನಿವಾಸಿಗಳಿಗೆ ಪುಷ್ಪಗಿರಿ ಎಂದರೆ ಹಳೇಬೀಡಿನ ಸಮೀಪದಲ್ಲಿ ಮಲ್ಲಿಕಾರ್ಜುನ ದೇವಾಲಯವಿರುವ ಬೆಟ್ಟ. ಭಕ್ತಾದಿಗಳು ಅಲ್ಲಿಗೆ ಬೆಳಿಗ್ಗೆ ಹೋಗಿ ಮಧ್ಯಾಹ್ನದ ಊಟಕ್ಕೆ ಮನೆಗೆ ಮರಳುತ್ತಾರೆ. ಅದೇ ಹೆಸರಿನ ಮತ್ತೊಂದು ಪರ್ವತವು ಪಶ್ಚಿಮ ಘಟ್ಟದಲ್ಲಿ, ಕೊಡಗು ಮತ್ತು ದಕ್ಷಿಣ ಕನ್ನಡ ಜಿಲ್ಲೆಗಳ ಗಡಿಯಲ್ಲಿದೆ. ಕುಮಾರ ಪರ್ವತವೆಂದು ಪ್ರಸಿದ್ಧವಾದ ಈ ಶಿಖರದ ಎತ್ತರ 1,712 ಮೀಟರ್. ಇದರ ಚಾರಣಕ್ಕೆ ಪೂರ್ವಾನುಮತಿ ಕಡ್ಡಾಯ. ಬೇಸಿಗೆಯಲ್ಲಿ ಒಬ್ಬರೇ ಒಂದು ದಿನದಲ್ಲಿ ಹತ್ತಿ ಇಳಿಯಲು ಬಯಸುವವರ ತಿಳಿವಳಿಕೆಗಾಗಿ ಈ ಕೆಳಗಿನ ವಿವರಗಳನ್ನು ನೀಡಲಾಗಿದೆ.

ಅನುಮತಿ ಏಕೆ?

ಈ ಪರ್ವತವು ಪುಷ್ಪಗಿರಿ ವನ್ಯಜೀವಿಧಾಮದ ಭಾಗವಾಗಿದೆ. 2012ರಲ್ಲಿ ಯುನೆಸ್ಕೋ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಪಶ್ಚಿಮ ಘಟ್ಟದ 39 ತಾಣಗಳಲ್ಲಿ ಈ ವನ್ಯಜೀವಿಧಾಮವೂ ಒಂದು. ವನ್ಯಜೀವಿ (ಸಂರಕ್ಷಣಾ) ಅಧಿನಿಯಮ, 1972ರ ಪ್ರಕರಣ 27 ವನ್ಯಜೀವಿಧಾಮದ ಪ್ರವೇಶವನ್ನು ನಿರ್ಬಂಧಿಸುತ್ತದೆ. ಪ್ರಕರಣ 28ರ ಮೇರೆಗೆ ಪರವಾನಗಿ ನೀಡಲಾಗುತ್ತದೆ. 2024ರ ಜನವರಿಯಲ್ಲಿ ಸಾವಿರಾರು ಜನರು ಏಕಕಾಲಕ್ಕೆ ಕುಮಾರ ಪರ್ವತಕ್ಕೆ ಬಂದ ನಂತರ, ಆನ್‌ಲೈನ್ ಮುಂಗಡ ಕಾಯ್ದಿರಿಸುವಿಕೆ ಇಲ್ಲದ ಚಾರಣಗಳನ್ನು ಸರ್ಕಾರವು ತಾತ್ಕಾಲಿಕವಾಗಿ ನಿಲ್ಲಿಸಿತು. ಅದೇ ವರ್ಷದ ಅಕ್ಟೋಬರ್‌ನಲ್ಲಿ ‘ಅರಣ್ಯ ವಿಹಾರ’ ಜಾಲತಾಣವನ್ನು ಪ್ರಾರಂಭಿಸಿ, ಒಂದು ಮಾರ್ಗಕ್ಕೆ ದಿನಕ್ಕೆ 300 ಜನರ ಮಿತಿಯನ್ನು ನಿಗದಿಪಡಿಸಲಾಯಿತು.

ಬೇಸಿಗೆಯಲ್ಲಿ ಮಾರ್ಗ ಮುಚ್ಚುವುದೇಕೆ?

ಪರ್ವತದ ಮೇಲ್ಭಾಗ ಬಹುಪಾಲು ಹುಲ್ಲುಗಾವಲು. ಮಳೆಗಾಲದ ಹಸಿರು ಹುಲ್ಲು ಫೆಬ್ರವರಿ ವೇಳೆಗೆ ಒಣಗಿರುತ್ತದೆ. ಆರಿಸದೆ ಎಸೆದ ಒಂದು ಬೀಡಿಯ ತುಂಡು ಇಡೀ ಇಳಿಜಾರನ್ನು ಸುಡಬಲ್ಲದು. ಬೆಂಕಿಯು ಇಳಿಜಾರಿನಲ್ಲಿ ಮೇಲ್ಮುಖವಾಗಿ, ಮನುಷ್ಯ ಹತ್ತುವ ವೇಗಕ್ಕಿಂತ ಬೇಗನೆ ಹರಡುತ್ತದೆ. 2023ರ ಫೆಬ್ರವರಿಯಲ್ಲಿ ಹಾಸನ ಜಿಲ್ಲೆಯದೇ ಆದ ಸಕಲೇಶಪುರ ತಾಲ್ಲೂಕಿನಲ್ಲಿ ಕಾಡ್ಗಿಚ್ಚು ನಂದಿಸಲು ಹೋದ ಅರಣ್ಯ ರಕ್ಷಕರೊಬ್ಬರು ಸುಟ್ಟ ಗಾಯಗಳಿಂದ ಮೃತಪಟ್ಟರು. ಬೇಸಿಗೆಯ ನಿರ್ಬಂಧವನ್ನು ಈ ಹಿನ್ನೆಲೆಯಲ್ಲಿ ಅರ್ಥೈಸಿಕೊಳ್ಳತಕ್ಕದ್ದು.

ಒಬ್ಬರೇ ಹೋಗುವವರಿಗೆ

ಕುಕ್ಕೆ ಸುಬ್ರಹ್ಮಣ್ಯದ ಕಡೆಯಿಂದ ಒಂದೂವರೆ ಸಾವಿರ ಮೀಟರಿಗೂ ಹೆಚ್ಚು ಎತ್ತರ ಏರಬೇಕಾಗುತ್ತದೆ. ಸೋಮವಾರಪೇಟೆ ಕಡೆಯ ಮಾರ್ಗ ಇದಕ್ಕಿಂತ ಚಿಕ್ಕದು. ಭಟ್ಟರ ಮನೆಯಿಂದ ಶೇಷ ಪರ್ವತದವರೆಗಿನ ದಾರಿಯಲ್ಲಿ ನೆರಳು ಕಡಿಮೆ. ಏಪ್ರಿಲ್, ಮೇ ತಿಂಗಳುಗಳಲ್ಲಿ ಮಧ್ಯಾಹ್ನದ ಮೇಲೆ ಗುಡುಗು, ಸಿಡಿಲಿನ ಮಳೆ ಬರುವುದುಂಟು. ಕಾಲು ಉಳುಕಿದರೆ ಜೊತೆಗಿರುವವರು ಕೆಳಗೆ ಹೋಗಿ ಸುದ್ದಿ ಮುಟ್ಟಿಸುತ್ತಾರೆ. ಒಬ್ಬರೇ ಇದ್ದಲ್ಲಿ ಆ ಅನುಕೂಲವಿಲ್ಲ. ಆಗ ಅವರು ಬೆಟ್ಟದ ಮೇಲಿದ್ದಾರೆಂಬುದಕ್ಕೆ ಅನುಮತಿ ಪತ್ರ ಮತ್ತು ತನಿಖಾ ಠಾಣೆಯ ನಮೂದೇ ಆಧಾರ. ಕಳ್ಳದಾರಿಯಲ್ಲಿ ಹೋದವರ ಹೆಸರು ಯಾವ ಪುಸ್ತಕದಲ್ಲಿಯೂ ಇರುವುದಿಲ್ಲ. ಅವರು ಮರಳದಿದ್ದರೂ ಯಾರಿಗೂ ತಿಳಿಯುವುದಿಲ್ಲ. ತಡವಾಗಿ ಹುಡುಕಲು ಹೊರಡುವ ಸಿಬ್ಬಂದಿಯೂ ಆನೆಗಳಿರುವ ಕಾಡಿಗೆ ರಾತ್ರಿಯಲ್ಲಿ ಹೋಗಬೇಕಾಗುತ್ತದೆ.

ಅರ್ಜಿದಾರರು ಪಾಲಿಸಬೇಕಾದ ಅಂಶಗಳು

1. ಶಿಖರವು ಹಾಸನ ಜಿಲ್ಲೆಯ ವ್ಯಾಪ್ತಿಗೆ ಒಳಪಡುವುದಿಲ್ಲ. ಮಾರ್ಗ ತೆರೆದಿರುವುದನ್ನು ‘ಅರಣ್ಯ ವಿಹಾರ’ ಜಾಲತಾಣದಲ್ಲಿ ಖಚಿತಪಡಿಸಿಕೊಂಡ ನಂತರವೇ ಊರಿನಿಂದ ಹೊರಡತಕ್ಕದ್ದು.

2. ಸರ್ಕಾರ ನೀಡಿರುವ ಗುರುತಿನ ಚೀಟಿಯ ಮೂಲ ಪ್ರತಿ ಮತ್ತು ಅನುಮತಿ ಪತ್ರವನ್ನು ಜೊತೆಯಲ್ಲಿ ಇಟ್ಟುಕೊಳ್ಳತಕ್ಕದ್ದು.

3. ಹೋಗುವ ಮಾರ್ಗ ಮತ್ತು ಮರಳುವ ವೇಳೆಯನ್ನು ಬರೆದು ಮನೆಯವರಿಗೆ ಕೊಡುವುದು. ಹೇಳಿದ ವೇಳೆಗೆ ಕರೆ ಬಾರದಿದ್ದರೆ ಯಾರಿಗೆ ತಿಳಿಸಬೇಕೆಂಬುದನ್ನೂ ಅದರಲ್ಲಿ ಬರೆಯುವುದು.

4. ಸಾಕಷ್ಟು ನೀರು, ಉಪ್ಪು-ಸಕ್ಕರೆ, ಟಾರ್ಚ್ ಮತ್ತು ಸೀಟಿಯನ್ನು ಒಯ್ಯುವುದು. ಬೆಂಕಿಪೊಟ್ಟಣ, ಬೀಡಿ, ಸಿಗರೇಟು ಒಯ್ಯಬಾರದು. ವನ್ಯಜೀವಿಧಾಮದಲ್ಲಿ ಬೆಂಕಿ ಹಚ್ಚುವುದನ್ನು ಅಧಿನಿಯಮದ ಪ್ರಕರಣ 30 ನಿಷೇಧಿಸುತ್ತದೆ.

5. ಮಧ್ಯಾಹ್ನ 12 ಗಂಟೆಯೊಳಗೆ ಶಿಖರ ತಲುಪದಿದ್ದಲ್ಲಿ, ಎಷ್ಟೇ ಸಮೀಪದಲ್ಲಿದ್ದರೂ ಅಲ್ಲಿಂದಲೇ ಹಿಂದಿರುಗುವುದು ಸೂಕ್ತ.

6. ಇಳಿದ ಮೇಲೆ ತನಿಖಾ ಠಾಣೆಯಲ್ಲಿ ಮರಳಿ ಬಂದಿರುವುದನ್ನು ತಿಳಿಸಿಯೇ ತೆರಳತಕ್ಕದ್ದು.

ತುರ್ತು ಸಂದರ್ಭದಲ್ಲಿ 112ಕ್ಕೆ, ಕಾಡ್ಗಿಚ್ಚು ಕಂಡಲ್ಲಿ ಅರಣ್ಯ ಸಹಾಯವಾಣಿ 1926ಕ್ಕೆ ಕರೆ ಮಾಡಬಹುದು. ಬೆಟ್ಟದ ಹಲವೆಡೆ ಮೊಬೈಲ್ ಸಂಪರ್ಕ ದೊರೆಯದಿರುವುದರಿಂದ, ಮನೆಯಲ್ಲಿ ಬಿಟ್ಟುಹೋಗುವ ಚೀಟಿಯನ್ನು ಅಲಕ್ಷಿಸಬಾರದೆಂದು ಕೋರಲಾಗಿದೆ.